ಗುಮ್ಮಟ ಕಂಡರೆ ಸವಾರಿ

ಸ್ಯಾನ್ ಹೋಸೆಯ ನಮ್ಮ ಬೀದಿಯ ತುದಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಹ್ಯಾಮಿಲ್ಟನ್ ಬೆಟ್ಟದ ನೆತ್ತಿಯಲ್ಲಿ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟ ಕಾಣುತ್ತದೆ. ಅಕ್ಕಿಕಾಳಿನಷ್ಟು. ಶನಿವಾರ ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವ ಮುಂಚೆ ನಾನು ನೋಡುವುದು ಅದನ್ನೇ. 1876ರಲ್ಲಿ ಆ ಬೆಟ್ಟಕ್ಕೆ ರಸ್ತೆ ಕಡಿದಾಗ, ದೂರದರ್ಶಕದ ಸಾಮಾನು ಎಳೆಯುವ ಕುದುರೆಗಳು ಸೋಲಬಾರದೆಂದು ಏರನ್ನು ಸಣ್ಣದಾಗಿಯೇ ಉಳಿಸಿಕೊಂಡು ಸುತ್ತಿಸಿ ಸುತ್ತಿಸಿ ಒಯ್ದರು. ಆ ಪುಣ್ಯದಿಂದ ಐವತ್ತು ದಾಟಿದ ನನ್ನ ಮೊಣಕಾಲೂ ಅಲ್ಲಿಗೆ ಹತ್ತುತ್ತದೆ.

ಅಪ್ಪ ಯಳಂದೂರಿನಲ್ಲಿ ಮೇಷ್ಟರಾಗಿದ್ದವರು. ಮಳೆ ಬಂದ ದಿನವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ಚಾಳಿ ನನಗೂ ಬಂದಿದೆ. ನನ್ನ ಪುಸ್ತಕದಲ್ಲಿ ಸವಾರಿಯ ದಿನಗಳಿವೆ. ಗುಮ್ಮಟ ಕಂಡಿತೋ ಇಲ್ಲವೋ, ಗಾಳಿಗೆ ಯಾವ ವಾಸನೆ ಇತ್ತು ಎಂಬ ಎರಡು ಕಲಮುಗಳು ಮೊದಲಿನಿಂದ ಇವೆ. ಮೂರನೆಯದು, ಅಂಕಿಯದು, 2018ರ ನವೆಂಬರಿನಲ್ಲಿ ಸೇರಿಕೊಂಡಿತು.

ಅದಕ್ಕೂ ಒಂದು ವರ್ಷ ಹಿಂದೆ, 2017ರ ಅಕ್ಟೋಬರ್ 9, ರಜೆಯ ಸೋಮವಾರ. ಆವತ್ತು ಬರೆದದ್ದು ಇಷ್ಟೇ: 'ಗುಮ್ಮಟ ಮಸುಕು. ಯಾರೋ ಕಸ ಸುಡುತ್ತಿದ್ದಾರೆ.' ನಲವತ್ತು ಕಿಲೋಮೀಟರ್ ತುಳಿದು ಮನೆಗೆ ಬಂದು ಟೀವಿ ಹಾಕಿದ ಮೇಲೆ ಗೊತ್ತಾಯಿತು, ಹಿಂದಿನ ರಾತ್ರಿ ಸಾಂತಾ ರೋಸಾ ಊರಿನ ಕೇರಿ ಕೇರಿಗಳೇ ಟಬ್ಸ್ ಕಾಡ್ಗಿಚ್ಚಿಗೆ ಸಿಕ್ಕಿದ್ದವು ಎಂದು. ನೂರು ಕಿಲೋಮೀಟರಿಗೂ ಆಚೆಯ ಮನೆಗಳ ಹೊಗೆಯನ್ನು ನಾನು ಕಸದ ಹೊಗೆ ಅಂದುಕೊಂಡಿದ್ದೆ. ನಾಲ್ಕು ದಿನ ಕೆಮ್ಮಿದೆ. ಆ ಸಾಲನ್ನು ಇವತ್ತಿಗೂ ಹೊಡೆದುಹಾಕಿಲ್ಲ.

ಮುಂದಿನ ವರ್ಷ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರು ಸುಟ್ಟಿತು. 85 ಜನ ಹೋದರು, 18,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ನಮ್ಮಿಂದ 250 ಕಿಲೋಮೀಟರಿಗೂ ದೂರ. ಆದರೂ ಎರಡು ವಾರ ಆ ಹೊಗೆ ನಮ್ಮ ಕಣಿವೆಯಲ್ಲಿ ಮಡುಗಟ್ಟಿ ನಿಂತಿತು. 16ನೇ ತಾರೀಖು ಶಾಲೆಗಳಿಗೆ ರಜೆ ಕೊಟ್ಟರು. 21ಕ್ಕೆ ಮಳೆ ಬಂದು ತೊಳೆಯುವವರೆಗೂ ಎಲ್ಲರ ಬಾಯಲ್ಲೂ ಒಂದೇ ಮಾತು, 'ಈಗೆಷ್ಟಿದೆ?'

ಎಷ್ಟಿದೆ ಎಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ಏಕ್ಯೂಐ. ಐವತ್ತರೊಳಗೆ ಹಸಿರು, ನೂರರವರೆಗೆ ಹಳದಿ, ನೂರೈವತ್ತರವರೆಗೆ ಕಿತ್ತಳೆ, ಆಮೇಲೆ ಕೆಂಪು, ನೇರಳೆ. ಈ ಅಂಕಿ ಕಾಡಿನ ಹೊಗೆಗೆಂದು ಹುಟ್ಟಿದ್ದಲ್ಲ. ಕಾರು, ಕಾರ್ಖಾನೆಗಳ ಹೊಗೆಮಂಜು ಲಾಸ್ ಏಂಜಲೀಸಿನಂಥ ಊರುಗಳ ಕಣ್ಣು ಉರಿಸಿದ ಮೇಲೆ ಅಮೆರಿಕ ಸರ್ಕಾರ 1976ರಲ್ಲಿ ಮೊದಲ ಸೂಚ್ಯಂಕ ತಂದಿತು. ಕೂದಲೆಳೆಯ ಮೂವತ್ತನೆಯ ಒಂದು ಪಾಲಿಗಿಂತ ಸಣ್ಣದಾದ ಪಿಎಂ 2.5 ಕಣಗಳು ಆ ಲೆಕ್ಕದೊಳಗೆ ಬಂದದ್ದು 1999ರಲ್ಲಿ. ಕಾಡ್ಗಿಚ್ಚಿನ ಹೊಗೆಯಲ್ಲಿ ಎದೆಗಿಳಿದು ಕೆಡುಕು ಮಾಡುವವು ಮುಖ್ಯವಾಗಿ ಅವೇ. ಸುಮ್ಮನೆ ಕೂತವರು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಂಡರೆ, ಏರು ತುಳಿಯುವವರು ಅರವತ್ತು ಲೀಟರಿಗೂ ಮೇಲೆ ಎಳೆಯುತ್ತಾರೆ, ಅದೂ ಬಾಯಿಂದ. ಮೂಗಿನ ಜರಡಿಯೂ ಆಗ ಕೆಲಸಕ್ಕಿಲ್ಲ.

ಸರ್ಕಾರದ ಮಾಪಕಗಳು ಅಲ್ಲೊಂದು ಇಲ್ಲೊಂದು ಇದ್ದವು, ಅಂಕಿ ತಡವಾಗಿ ಬರುತ್ತಿತ್ತು. ಅದರ ಮಧ್ಯೆ ಜನ ಪರ್ಪಲ್‌ಏರ್ ಎಂಬ ಪುಟ್ಟ ಮಾಪಕವನ್ನು ತಂತಮ್ಮ ಸೂರಿನಡಿ ನೇತುಹಾಕಿಕೊಂಡರು. ಲೇಸರ್ ಬೆಳಕಿನಲ್ಲಿ ಕಣ ಎಣಿಸುವ ಯಂತ್ರ ಅದು. ಕಟ್ಟಿಗೆ ಹೊಗೆಯನ್ನು ಇದ್ದುದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಅದಕ್ಕೊಂದು ತಿದ್ದುಪಡಿ ಸೂತ್ರ ಕಟ್ಟಿ, 2020ರಲ್ಲಿ ಸರ್ಕಾರ ಆ ಮನೆಮನೆಯ ಅಂಕಿಗಳನ್ನೂ ತನ್ನ ಹೊಗೆ ನಕ್ಷೆಯೊಳಗೆ ಸೇರಿಸಿಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಸಾಮಾನ್ಯರ ಗೋಡೆಯ ಮೇಲಿನ ಸಾಕ್ಷ್ಯವನ್ನು ಸರ್ಕಾರ ಒಪ್ಪಿಕೊಂಡಿತು.

ನಾನೂ ಒಂದು ಕೊಂಡೆ. ಗ್ಯಾರೇಜಿನ ಬಾಗಿಲು ಎಳೆದು ಒಳಗೇ ಟ್ರೇನರ್ ಮೇಲೆ ಸೈಕಲ್ ತುಳಿಯುತ್ತಿದ್ದ ದಿನಗಳವು. ಮಾಪಕವನ್ನು ಒಳಗೆ ತಂದಿಟ್ಟರೆ ಹೊರಗಿನ ಅಂಕಿಗೂ ಒಳಗಿನ ಅಂಕಿಗೂ ಬರೀ ಹತ್ತರ ವ್ಯತ್ಯಾಸ! ಬಾಗಿಲ ಸಂದಿಯಿಂದ ಬೆಳಕು ಬರುವ ಕಡೆ ಹೊಗೆ ಬಾರದೇ ಇರುತ್ತದೆಯೇ? ಆಮೇಲೆ ಟ್ರೇನರನ್ನು ಮಲಗುವ ಕೋಣೆಗೆ ಸಾಗಿಸಿದೆ. ಚೌಕದ ಫ್ಯಾನಿಗೆ ಏಸಿಯ ಫಿಲ್ಟರನ್ನು ಟೇಪಿನಿಂದ ಅಂಟಿಸಿ ಓಡಿಸಿದೆ. ಮೂರನೇ ದಿನಕ್ಕೆ ಬಿಳಿ ಫಿಲ್ಟರ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಊರಿನಿಂದ ಅವ್ವ ಫೋನು ಮಾಡಿದ್ದಳು. 'ಹೊಗೆಗೆ ಅಷ್ಟೊಂದು ಹೆದರಿಕೆ ಏನವ್ವ? ಒಲೆ ಮುಂದೆ ಕೂತೇ ಅಲ್ವಾ ನಿಮ್ಮನ್ನೆಲ್ಲ ಸಾಕಿದ್ದು' ಅಂದಳು. ಆ ಮಾತು ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದಳು. ಅವಳ ಮುಂದೆ ಈ ಅಂಕಿ ಇಟ್ಟವರು ಯಾರೂ ಇರಲಿಲ್ಲ.

2020ರ ಆಗಸ್ಟಿನಲ್ಲಿ ಮಳೆಯಿಲ್ಲದ ಸಿಡಿಲು ಬಡಿದು ಸುತ್ತಲ ಗುಡ್ಡಗಳೆಲ್ಲ ಹೊತ್ತಿಕೊಂಡವು. ಬೆಂಕಿ ಲಿಕ್ ಗುಮ್ಮಟದ ಬುಡಕ್ಕೇ ಬಂತು. ಅಲ್ಲಿನ ಒಂದು ಹಳೇ ಮನೆ ಸುಟ್ಟಿತು, ಗುಮ್ಮಟಗಳನ್ನು ಅಗ್ನಿಶಾಮಕದವರು ಉಳಿಸಿಕೊಂಡರು. ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿಟ್ಟಿದ್ದ ಸೈಕಲ್ಲಿನ ಸೀಟಿನ ಮೇಲೆ ಒಂದು ಎಲೆ ಬಿದ್ದಿತ್ತು. ಓಕ್ ಎಲೆ, ಪೂರ್ತಿ ಬೂದಿ, ಆದರೆ ನರ ನರವೂ ಹಾಗೇ ಇತ್ತು. ಬೆರಳು ಹತ್ತಿರ ತಂದೆ. ಮುಟ್ಟುವ ಮೊದಲೇ ನನ್ನ ಉಸಿರಿಗೆ ಒಡೆದು ಪುಡಿಯಾಯಿತು. ಗಾಳಿ ಮಂಡಳಿ ಆ ಸಲ ಸತತ ಮೂವತ್ತು ದಿನ ಎಚ್ಚರಿಕೆ ಕೊಟ್ಟಿತು.

ಆ ಮೂವತ್ತರ ನಡುವೆ ಸೆಪ್ಟೆಂಬರ್ 9. ಬೆಳಿಗ್ಗೆ ಒಂಬತ್ತಾದರೂ ಬೀದಿದೀಪ ಆರಿರಲಿಲ್ಲ. ಆಕಾಶ ಕುಂಕುಮ ಕದಡಿದ ಹಾಗಿತ್ತು. ಮಾಪಕ ನೋಡಿದರೆ ಅಂಕಿ ಹಿಂದಿನ ಕೆಲವು ದಿನಗಳಿಗಿಂತ ಕಡಿಮೆ! ಕಡಲ ಕಡೆಯ ತಂಪು ಗಾಳಿ ನೆಲಕ್ಕಂಟಿಕೊಂಡಿತ್ತು, ಹೊಗೆ ಅದರ ಮೇಲೆ ಚಪ್ಪರದ ಹಾಗೆ ನಿಂತಿತ್ತು. ಆ ಚಪ್ಪರ ಕೆಳಗಿಳಿದ ಮುಂದಿನ ದಿನಗಳಲ್ಲಿ ಆಕಾಶ ಬರೀ ಬೂದುಬಣ್ಣ, ಅಂಕಿ ಮಾತ್ರ ನೇರಳೆ. ಅಂದಿನಿಂದ ಕಣ್ಣೊಂದನ್ನೇ ನಂಬುವುದು ಬಿಟ್ಟೆ.

ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸುಟ್ಟದ್ದು ನಲವತ್ತು ಲಕ್ಷ ಎಕರೆಗೂ ಹೆಚ್ಚು. ಹಿಂದೆಂದೂ ಕಾಣದ್ದು ಎಂದರು. ಮನೆಯೊಳಗೆ ಕೂತು ಹಳೆಯದನ್ನು ಓದತೊಡಗಿದ ಮೇಲೆ ಆ ಮಾತು ನನಗೆ ಅರ್ಧ ಮಾತ್ರ ನಿಜ ಅನ್ನಿಸಿತು. 2007ರಲ್ಲಿ ಬರ್ಕ್ಲಿಯ ಅರಣ್ಯ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 1800ಕ್ಕಿಂತ ಮುಂಚೆ ಇಲ್ಲಿ ವರ್ಷ ವರ್ಷವೂ ಸುಮಾರು 45 ಲಕ್ಷ ಎಕರೆ ಸುಡುತ್ತಿತ್ತು, ಬೇಸಿಗೆ ಪೂರ್ತಿ ಆಕಾಶ ಮಬ್ಬಾಗಿಯೇ ಇರುತ್ತಿತ್ತು ಎಂದು. 1542ರಲ್ಲಿ ಈ ತೀರಕ್ಕೆ ಹಡಗು ತಂದ ಕಬ್ರಿಯೋ, ಇಂದಿನ ಸ್ಯಾನ್ ಪೆಡ್ರೊ ಕೊಲ್ಲಿಗೆ ಇಟ್ಟ ಹೆಸರೇ ಹೊಗೆಗಳ ಕೊಲ್ಲಿ.

ಆಗಿನದು ಬಹುಮಟ್ಟಿಗೆ ನೆಲದ ಮೇಲೆ ತೆವಳುವ ಬೆಂಕಿ. ಸಿಡಿಲು ಹಚ್ಚಿದ್ದೂ ಇತ್ತು, ಜನ ಬೇಕೆಂದೇ ಹಚ್ಚಿದ್ದೂ ಇತ್ತು. ಕ್ಲಾಮತ್ ನದಿಯ ಕರೂಕ್ ಜನ ಬುಟ್ಟಿ ಹೆಣೆಯುವ ಹೇಜಲ್ ಕಡ್ಡಿ ನೆಟ್ಟಗೆ ಚಿಗುರಲಿ ಎಂದು, ಓಕ್ ಕಾಯಿಗೆ ಹುಳು ಹತ್ತದಿರಲಿ ಎಂದು ಹದ ನೋಡಿ ಸುಡುತ್ತಿದ್ದರು. ಅದನ್ನು 1793ರಲ್ಲಿ ಸ್ಪೇನಿನ ಗವರ್ನರ್ ಅರಿಯಾಗಾ ನಿಷೇಧಿಸಿದ. 1850ರಲ್ಲಿ ಹೊಸ ರಾಜ್ಯದ ಕಾನೂನು ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನು ಅಪರಾಧ ಮಾಡಿತು. 1935ರಲ್ಲಿ ಅರಣ್ಯ ಇಲಾಖೆ, ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಹತೋಟಿಗೆ ತರಬೇಕೆಂಬ ನಿಯಮ ಮಾಡಿತು. ಸುಡದೆ ಉಳಿದ ತರಗೆಲ್ಲ ವರ್ಷದಿಂದ ವರ್ಷಕ್ಕೆ ಕಾಡಿನಲ್ಲಿ ಪೇರುತ್ತಾ ಹೋಯಿತು. ಅದರ ಮೇಲೆ ಬಿಸಿಲು ಏರಿತು, ಬರ ಬಂತು. ನೂರಾರು ವರ್ಷ ತೆಳುವಾಗಿ ಹರಡಬೇಕಿದ್ದ ಹೊಗೆ ಈಗ ಎರಡು ವಾರದಲ್ಲಿ ಒಟ್ಟಿಗೇ ಎದೆಗೆ ಬರುತ್ತಿದೆ.

ಇದನ್ನು ಓದುತ್ತಾ ಓದುತ್ತಾ ನನಗೆ ನೆನಪಾದದ್ದು ನಮ್ಮ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರದು ತರಗು ಬೆಂಕಿ. ಬೇಸಿಗೆ ಬಲಿಯುವ ಮುಂಚೆ, ತರಗೆಲೆ ಮಾತ್ರ ಸುಡುವಂತೆ ಹಚ್ಚುವ ಸಣ್ಣ ಬೆಂಕಿ. ಹೊಸ ಹುಲ್ಲು ಬರುತ್ತದೆ, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತುವುದಿಲ್ಲ ಎನ್ನುತ್ತಾರೆ ಅವರು. 1974ರಲ್ಲಿ ಆ ಬೆಟ್ಟ ವನ್ಯಧಾಮವಾಯಿತು, ತರಗು ಬೆಂಕಿ ನಿಂತಿತು. ಲಂಟಾನ ಆಳೆತ್ತರ ಬೆಳೆಯಿತು. ಎರಡು ಖಂಡಗಳಲ್ಲಿ, ಬೆಂಕಿಯ ಹದ ಬಲ್ಲವರ ಕೈಯನ್ನೇ ಕಟ್ಟಿಹಾಕಿದ ಒಂದೇ ಕಥೆ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. 2021ರಲ್ಲಿ ಅಂಗೀಕಾರವಾದ ಕ್ಯಾಲಿಫೋರ್ನಿಯಾದ ಕಾನೂನು, ಸಾಂಪ್ರದಾಯಿಕವಾಗಿ ಸುಡುವವರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದೆ. ತಡವಾದರೂ ಸರಿ.

ಹೋಗಲೋ ಬೇಡವೋ ಎಂಬುದಕ್ಕೆ ನನಗೀಗ ಒಂದು ಕ್ರಮವಿದೆ. ಅಂಕಿ 150 ದಾಟಿದರೆ ಸೈಕಲ್ ಹೊರಗೆ ಬರುವುದಿಲ್ಲ. ನೂರರೊಳಗಿದ್ದರೆ ಬಯಲಿನಲ್ಲಿ, ಏದುಸಿರು ಬಾರದ ಹಾಗೆ ಒಂದು ಗಂಟೆ. 2016ರ ಕೇಂಬ್ರಿಜ್ ಅಧ್ಯಯನವೊಂದು, ಘನ ಮೀಟರಿಗೆ ನೂರು ಮೈಕ್ರೊಗ್ರಾಂ ಕಣವಿರುವ ಊರಿನಲ್ಲೂ ದಿನಕ್ಕೆ ಒಂದೂವರೆ ಗಂಟೆಯವರೆಗಿನ ಸೈಕಲ್ಲಿನಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದಿತ್ತು. ಅದು ಊರುಗಳ ವರ್ಷಪೂರ್ತಿಯ ಕೊಳೆಯ ಲೆಕ್ಕ, ಕಾಡ್ಗಿಚ್ಚಿನ ವಾರದ್ದಲ್ಲ. ಹಾಗಾಗಿ ಅದನ್ನು ತೋರಿಸಿ ಯಾರನ್ನೂ ಹೊರಡಿಸುವುದಿಲ್ಲ. ನೂರಕ್ಕೂ ನೂರೈವತ್ತಕ್ಕೂ ನಡುವಿನ ದಿನ ನನ್ನ ಜೊತೆ ತುಳಿಯುವ ಗೆಳತಿಯ ಮಾತೇ ಕೊನೆ. ಅವಳಿಗೆ ಅಸ್ತಮಾ ಇದೆ.

ಹೋದ ವಸಂತದಲ್ಲಿ ದಕ್ಷಿಣದ ಗುಡ್ಡಗಳಲ್ಲಿ ಇಲಾಖೆಯವರೇ ನಿಗದಿ ಮಾಡಿ ಬೆಂಕಿ ಹಚ್ಚಿದ್ದರು. ಗುಮ್ಮಟ ತೆಳುವಾಗಿ ಕಾಣುತ್ತಿತ್ತು. ಅಂಕಿ 62. 'ಹೋಗೋಣ್ವಾ?' ಎಂದು ಗೆಳತಿಗೆ ಫೋನು ಮಾಡಿದೆ. 'ನನ್ನ ಎದೆ ಇವತ್ತು ಬೇಡ ಅಂತಿದೆ ಕಣೇ, ನೀನು ಹೋಗಿ ಬಾ' ಅಂದಳು. ಬೆಟ್ಟದ ಮೊದಲ ತಿರುವಿನವರೆಗೆ ಒಬ್ಬಳೇ ಹೋದೆ. ಕಾಲೂರಿ ನಿಂತೆ. ಒಣಹುಲ್ಲು ಸುಟ್ಟ ವಾಸನೆ, ಶಿವರಾತ್ರಿ ಹೊತ್ತಿಗೆ ಬೆಟ್ಟದ ಕಡೆಯಿಂದ ಯಳಂದೂರಿಗೆ ಇಳಿದು ಬರುತ್ತಿದ್ದಂಥದ್ದೇ. ಅಲ್ಲಿಂದಲೇ ತಿರುಗಿಸಿ ಮನೆಗೆ ಬಂದು ಪುಸ್ತಕದಲ್ಲಿ ಬರೆದೆ: ಗುಮ್ಮಟ ಉಂಟು, ತರಗು ವಾಸನೆ, 62, ಹದಿನೆಂಟು ಕಿಲೋಮೀಟರ್, ಒಬ್ಬಳೇ.