ಹೊಸೂರಿನ ಜನ: ಒಂದು ಗಡಿಪಟ್ಟಣದ ಕುಲ ಮತ್ತು ನುಡಿಗಳ ಚರಿತ್ರೆ

1. ಪೀಠಿಕೆ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಅತ್ತಿಬೆಲೆಯ ಗಡಿ ದಾಟಿದೊಡನೆ ಸಿಗುವ ಪಟ್ಟಣ ಹೊಸೂರು. ಆಡಳಿತದ ಲೆಕ್ಕದಲ್ಲಿ ಅದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ಬಸ್ಸು, ಕೂಲಿ, ಸೈಟು, ನೆಂಟಸ್ತನಗಳ ಲೆಕ್ಕದಲ್ಲಿ ಬೆಂಗಳೂರಿನ ಒಂದು ಉಪನಗರ. ನಾನು ಈ ಸೀಮೆಯವನೆಂದು ತಿಳಿದ ಕೂಡಲೇ ವಿದ್ವಾಂಸ ಮಿತ್ರರು ಕೇಳುವ ಪ್ರಶ್ನೆ ಒಂದೇ: "ಅಲ್ಲಿರೋರು ಯಾರು ಸ್ವಾಮಿ? ಕನ್ನಡದೋರಾ, ತೆಲುಗ್ರಾ, ತಮಿಳ್ರಾ?" ಮೂವರೂ ಇದ್ದಾರೆ ಎಂದರೆ ಅವರಿಗೆ ತೃಪ್ತಿಯಾಗುವುದಿಲ್ಲ, ಶೇಕಡಾವಾರು ಬೇಕು. ಆ ಶೇಕಡಾವಾರು ಎಂಬುದು ಹುಟ್ಟುವ ಬಗೆ ಹೇಗೆ, ಅದರಲ್ಲಿ ಯಾವುದು ಸೋರಿಹೋಗುತ್ತದೆ ಎಂಬುದನ್ನು ಈ ಪ್ರಬಂಧದಲ್ಲಿ ವಿಚಾರ ಮಾಡಿದ್ದೇನೆ.

2. ಹೆಸರಿನ ಸಾಕ್ಷ್ಯ

ಶಾಸನಗಳಲ್ಲಿ ಈ ಊರಿಗೆ ಸೆವಿಡಪಾಡಿ ಎಂಬ ಹೆಸರಿದೆ; ನಾಡಿಗೆ ಮುರಸುನಾಡು ಅಥವಾ ಮೊರಸುನಾಡು. ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ಗುಡಿ ಆ ಕಾಲಕ್ಕೆ ಸಲ್ಲುತ್ತದೆ. ಹೊಯ್ಸಳ ರಾಜ್ಯ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ರಾಮನಾಥನು ಹತ್ತಿರದ ಕುಂದಾಣಿಯಿಂದ ಆಳಿದ. ಅಂದರೆ ತಮಿಳು ಶಾಸನ ಮತ್ತು ಕನ್ನಡ ಅರಸು ಇಲ್ಲಿ 13ನೆಯ ಶತಮಾನದಲ್ಲಿಯೇ ಒಟ್ಟಿಗೆ ಬಾಳಿವೆ.

'ಹೊಸೂರು' ಕನ್ನಡದ ಮಾತು. ಹಳಗನ್ನಡದ 'ಪೊಸ' ಎಂಬುದರ ಪಕಾರ ಹಕಾರವಾದ ಮೇಲಿನ ರೂಪ. ತಮಿಳರು ಇಟ್ಟಿದ್ದರೆ 'ಪುದೂರು' ಆಗುತ್ತಿತ್ತು, ತೆಲುಗರು ಇಟ್ಟಿದ್ದರೆ 'ಕೊತ್ತೂರು'. ಆದರೆ ಇಷ್ಟಕ್ಕೇ ಊರು ನಮ್ಮದೆಂದು ಎದೆ ತಟ್ಟಿಕೊಳ್ಳುವಂತಿಲ್ಲ. ಹೆಸರಿಟ್ಟವರು ಯಾರೋ, ಉಳಿದವರು ಯಾರೋ.

ಈ ಹೆಸರನ್ನು ಇಂದು ಹೇಳುವ ರೀತಿ ಉಪಭಾಷಾ ವಿದ್ಯಾರ್ಥಿಗೆ ಉಪಯುಕ್ತ. ಕನ್ನಡದಲ್ಲಿ ಒಕಾರ ಹ್ರಸ್ವ. ತಮಿಳು ಫಲಕದಲ್ಲಿ ಹಕಾರ ಬಿದ್ದು ಒಕಾರ ದೀರ್ಘವಾಗಿ 'ಓಸೂರ್' ಆಗಿದೆ. ತಮಿಳರು ಹೆಸರು ಕೆಡಿಸಿದರೆಂದು ನಮ್ಮವರು ದೂರುವುದುಂಟು. ನಮ್ಮ ಹಳ್ಳಿಯ ಒಕ್ಕಲಿಗರ ಬಾಯಲ್ಲಿ ಅದು ಎಂದಿನಿಂದಲೂ 'ಒಸೂರು'. "ಆಲು ಆಕ್ಬುಟ್ಟು ಒಸೂರ್ಗೆ ಓಗ್ಬತ್ತೀನಿ" ಎನ್ನುವವನ ಬಾಯಲ್ಲಿ ಹಕಾರ ಎಲ್ಲಿದೆ? ಹಕಾರ ಬೀಳಿಸಿದ ಅಪರಾಧದಲ್ಲಿ ನಮ್ಮದೂ ಪಾಲಿದೆ.

3. ಕುಲಗಳ ಪದರ

ಮೊರಸು ಒಕ್ಕಲಿಗರು ಈ ನೆಲದ ಹಳೆಯ ಬೇಸಾಯಗಾರರು. ಬೆಂಗಳೂರು, ಕೋಲಾರ, ಹೊಸೂರು ಸೀಮೆಗಳಲ್ಲಿ ಹರಡಿರುವ ಇವರಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು. ಒಂದೇ ಕುಲ, ಎರಡು ನುಡಿ. ಕೊಟ್ಟು ತರುವ ಸಂಬಂಧಕ್ಕೆ ನುಡಿ ಅಡ್ಡಬಂದಿಲ್ಲ. ಇವರ ಜೊತೆಗೆ ಕನ್ನಡದ ಕುರುಬರು, ಲಿಂಗಾಯತರು; ತೆಲುಗಿನ ರೆಡ್ಡಿಗಳು, ಬಲಿಜರು; ದಖನಿ ಉರ್ದುವಿನ ಮುಸಲ್ಮಾನರು. 17ನೆಯ ಶತಮಾನದಲ್ಲಿ ಬೆಂಗಳೂರು ಶಹಾಜಿಯ ಜಹಗೀರಾದ ಮೇಲೆ ಈ ಕಡೆಗೆ ಬಂದ ಮರಾಠಿ ಮನೆಗಳೂ ಉಂಟು. ಡೆಂಕಣಿಕೋಟೆಯ ಕಾಡಂಚಿನಲ್ಲಿ ಇರುಳರಿದ್ದಾರೆ. ಡೆಂಕಣಿಕೋಟೆಯ ದೇವರು ಬೇಟರಾಯಸ್ವಾಮಿಗೆ ಈ ಎಲ್ಲ ಕುಲದವರೂ ನಡೆದುಕೊಳ್ಳುತ್ತಾರೆ.

ಬ್ರಾಹ್ಮಣರಲ್ಲಿ ತಮಿಳು ಮನೆಮಾತಿನ ಅಯ್ಯಂಗಾರರು ಹಲವರು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಓದು ಹೊಸೂರಿನಲ್ಲಿ, ಆ ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಡೆಯಿತು. ಓದಿಗೆ ಮೇಲಕ್ಕೆ, ಆಡಳಿತಕ್ಕೆ ಕೆಳಕ್ಕೆ ಎಂಬ ಈ ಸೀಮೆಯ ಹಾದಿಯನ್ನೇ ಅವರೂ ತುಳಿದರು.

4. 1799ರ ಗೆರೆ

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಘಟ್ಟದ ಕೆಳಗಿನ ಸೇಲಂ ಮತ್ತು ಬಾರಾಮಹಲು ಇಂಗ್ಲಿಷರ ಪಾಲಾದವು. ಘಟ್ಟದ ಮೇಲಿನ ಹೊಸೂರು ಸೀಮೆ ಟಿಪ್ಪುವಿನಲ್ಲೇ ಉಳಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದೂ ಹೋಯಿತು. ಮೈಸೂರಿನಂತೆಯೇ ರಾಗಿ ಬೆಳೆಯುವ ಎತ್ತರದ ನೆಲ, ಕೆಳಗಿನ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಜಿಲ್ಲೆಯ ಹೆಸರು ಬದಲಾದರೂ ಗೆರೆ ಕದಲಲಿಲ್ಲ.

ಈ ಗೆರೆ ಮಾತಿನಲ್ಲಿ ಎಲ್ಲಿ ಕಾಣುತ್ತದೆ? ಅಡಿಗೆಮನೆಯಲ್ಲಿ, ಹಟ್ಟಿಯಲ್ಲಿ, ಗದ್ದೆಯಲ್ಲಿ ಹೊಸೂರಿನ ಕನ್ನಡಕ್ಕೂ ಆನೇಕಲ್ಲಿನ ಕನ್ನಡಕ್ಕೂ ನನಗೆ ಹೇಳಿಕೊಳ್ಳುವಂಥ ಭೇದ ಸಿಕ್ಕಿಲ್ಲ. ಜಮೀನಿನ ಕಾಗದ ತೆಗೆದೊಡನೆ ಭೇದ ಎದ್ದು ಕಾಣುತ್ತದೆ. ಆನೇಕಲ್ಲಿನವನಿಗೆ ಪಹಣಿ, ನಮಗೆ ಪಟ್ಟಾ, ಚಿಟ್ಟಾ, ಅಡಂಗಲ್. ಅವನಿಗೆ ತರಿ, ಖುಷ್ಕಿ. ನಮಗೆ ನಂಜೆ, ಪುಂಜೆ. ಅವನ ಅಜ್ಜ ಶಾನುಭೋಗರ ಮುಂದೆ ಕೈಕಟ್ಟಿ ನಿಂತಿದ್ದರೆ ನನ್ನಜ್ಜ ನಿಂತದ್ದು ಕರ್ಣಂ ಮುಂದೆ. 1980ರಲ್ಲಿ ತಮಿಳುನಾಡು ಸರ್ಕಾರ ಕರ್ಣಂ ಹುದ್ದೆ ತೆಗೆದ ಮೇಲೆ ನಾವು ವಿ.ಎ.ಓ. ಎಂದೆವು. ಆನೇಕಲ್ಲಿನ ನನ್ನ ಭಾವಮೈದುನ ಒಮ್ಮೆ ನಗುತ್ತಾ ಅಂದ: "ಭಾವಾ, ನಿಮ್ ಕನ್ನಡ ತಾಲೂಕಾಪೀಸಿನ ಮೆಟ್ಲು ಅತ್ತಿದ ಕೂಡ್ಲೆ ತಮಿಳಾಗೋಯ್ತದಲ್ಲಾ!" ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ರಾಜಕೀಯ ಗಡಿ ಮೊದಲು ಹಿಡಿಯುವುದು ಕಚೇರಿಯ ಪದಗಳನ್ನು. ನೆಂಟರ ಪದಗಳಿಗೆ ಅದು ಬಹಳ ತಡವಾಗಿ ಕೈಹಾಕುತ್ತದೆ.

5. ಕಾರ್ಖಾನೆಯ ಕಾಲ

ನನ್ನ ಬಾಲ್ಯದ ಹೊಸೂರು ಸಂತೆಯ ಊರು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂತು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡಿನ ಲಾರಿ, ಟಿ.ವಿ.ಎಸ್. ಮೊಪೆಡ್ಡು, ಆಮೇಲೆ ಟೈಟನ್ ಗಡಿಯಾರ. ಕೆಲಸಕ್ಕಾಗಿ ಕೆಳಜಿಲ್ಲೆಗಳ ತಮಿಳರು ಸಾವಿರಗಟ್ಟಲೆ ಬಂದು ನೆಲೆಸಿದರು. ಅವರ ಹಿಂದೆ ಮಲೆಯಾಳಿಗಳು, ಈಚೆಗೆ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು. 2001ರ ಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 84,394, 2011ರಲ್ಲಿ 1,16,821. 2019ರಲ್ಲಿ ಸುತ್ತಿನ ಹಳ್ಳಿಗಳನ್ನು ಒಳಗೊಂಡು ಊರು ಮಹಾನಗರಪಾಲಿಕೆಯಾಯಿತು.

ಬಂದವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಸಂಬಳದಿಂದ ನಮ್ಮ ತರಕಾರಿ, ನಮ್ಮ ಗುಲಾಬಿ ಮಾರಾಟವಾಗಿದೆ. ಆದರೆ ಪರಿಣಾಮ ದಾಖಲಾಗಬೇಕು. ಮೊದಲು ಸಂತೆಯಲ್ಲಿ ಮಾರುವವನು ಕೊಳ್ಳುವವನ ಮುಖ ನೋಡಿ ನುಡಿ ಆರಿಸುತ್ತಿದ್ದ, ಕೊಳ್ಳುವವನೂ ಹಾಗೆಯೇ. ಈಗ ಗುರುತಿಲ್ಲದ ಮುಖಕ್ಕೆ ಮೊದಲ ಮಾತು ತಮಿಳಿನಲ್ಲೇ. ಕನ್ನಡ, ತೆಲುಗುಗಳು ಗುರುತಿದ್ದವರ ನುಡಿಗಳಾಗಿ ಉಳಿದಿವೆ.

ಶಾಲೆಯ ಮಾತೂ ಇಲ್ಲಿಯೇ ಬರಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕೊಡಬೇಕೆನ್ನುತ್ತದೆ. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯ ಮಾಡುತ್ತಾ 2015–16ಕ್ಕೆ ಹತ್ತನೆಯ ತರಗತಿ ಮುಟ್ಟಿತು. ತಮಿಳು ಕಲಿಯುವುದಕ್ಕೆ ನಮ್ಮ ಮಕ್ಕಳು ಎಂದೂ ಹಿಂಜರಿದವರಲ್ಲ, ಬೀದಿಯಲ್ಲೇ ಕಲಿತಿದ್ದಾರೆ. ಕಷ್ಟ ಬೇರೆ ಕಡೆ ಇದೆ. ನನ್ನ ಮಗಳು ಓದಿದ ಶಾಲೆಯಲ್ಲಿ ಕನ್ನಡ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ವರ್ಷ ಕಾದು ಅವಳನ್ನು ಬೇರೆ ಶಾಲೆಗೆ ಸೇರಿಸಿದೆ. ಗಡಿನಾಡ ಕನ್ನಡಕ್ಕಾಗಿ ಭಾಷಣ ಮಾಡುವ ನಾನೇ ಸೇರಿಸಿದೆ. ಆಗಿನಿಂದ ಕನ್ನಡ ಅವಳಿಗೆ ಆಡುವ ನುಡಿ, ಓದುವ ನುಡಿಯಲ್ಲ.

6. ಗಣತಿಯ ಕಾಲಂ ಮತ್ತು ನಮ್ಮ ಮನೆ

ಗಣತಿಯ ನಿಯಮದಂತೆ ತಾಯ್ನುಡಿಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿ. ಅದರ ಕಾಲಂ ಒಂದೇ. ಬಲ್ಲ ಇತರ ಭಾಷೆಗಳಿಗೆ ಬೇರೆ ಜಾಗವುಂಟು.

ನಮ್ಮಪ್ಪನದು ಕನ್ನಡದ ಮನೆ, ಅಮ್ಮ ಬಂದದ್ದು ತೆಲುಗಿನ ಮನೆಯಿಂದ. ಇಬ್ಬರೂ ಮೊರಸು ಒಕ್ಕಲಿಗರೇ. ಅಪ್ಪ ತನ್ನ ತಾಯಿಯನ್ನು 'ಅವ್ವ' ಎನ್ನುತ್ತಿದ್ದ, ಕನ್ನಡದಲ್ಲಿ ಅವ್ವ ಎಂದರೆ ತಾಯಿ. ಅಮ್ಮ ನಮಗೆ ಅದೇ ಮುದುಕಿಯನ್ನು 'ಅವ್ವ' ಎನ್ನಲು ಕಲಿಸಿದಳು, ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಹೀಗೆ ಇಡೀ ಮನೆ ಒಬ್ಬಳನ್ನೇ ಒಂದೇ ಮಾತಿನಿಂದ ಕರೆಯಿತು. ಯಾರು ಯಾವ ನುಡಿಯಲ್ಲಿ ಕರೆಯುತ್ತಿದ್ದೇವೆಂದು ಯಾರೂ ಕೇಳಲಿಲ್ಲ. ಅಮ್ಮ ನಮ್ಮೊಡನೆ ಹಗಲು ಕನ್ನಡವಾಡಿ, ಸಿಟ್ಟು ಬಂದಾಗಲೂ ಮಲಗಿಸುವಾಗಲೂ ತೆಲುಗಾಡುತ್ತಿದ್ದಳು.

2011ರಲ್ಲಿ ಗಣತಿಯವರು ಬಂದಾಗ ಅಮ್ಮ ಜಗಲಿಯ ಮೇಲಿದ್ದಳು. ನನ್ನ ತಾಯ್ನುಡಿ ಕೇಳಿದಾಗ ನಾನು 'ಕನ್ನಡ' ಎಂದೆ. ಅಮ್ಮ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ, "ನಿದ್ದೆ ಮಾಡ್ಸಿದ್ ಮಾತು ಲೆಕ್ಕಕ್ಕಿಲ್ವೇನಪ್ಪಾ?" ಎಂದಳು. ನಿಯಮದ ಪ್ರಕಾರ ಅವಳ ಮಾತೇ ಸರಿ. ನಾನು ಕನ್ನಡದ ಪರವಾಗಿ ಒಂದು ಅಂಕಿ ಕೂಡಿಸಿದೆ, ತಾಯಿಯ ಲೆಕ್ಕದಿಂದ ಒಂದು ಕಳೆದೆ. ಅಂಕಿ ಕಡಿಮೆಯಾದರೆ ಶಾಲೆಗೆ ಮೇಷ್ಟ್ರು ಬರುವುದಿಲ್ಲ ಎಂಬ ಭಯ ನನ್ನದು. ಆ ಭಯ ಸುಳ್ಳೆಂದು ಇಂದೂ ಹೇಳಲಾರೆ.

7. ಉಪಸಂಹಾರ

ಹೊಸೂರಿನಲ್ಲಿ ಕುಲ, ನುಡಿ, ರಾಜ್ಯ ಈ ಮೂರರ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. ಒಂದು ಕುಲಕ್ಕೆ ಎರಡು ನುಡಿ. ಒಂದು ಮನೆಗೆ ಎರಡು ತಾಯ್ನುಡಿ. ಒಂದು ಕನ್ನಡಕ್ಕೆ ಎರಡು ರಾಜ್ಯದ ಕಚೇರಿ ಪದಗಳು. ಆದ್ದರಿಂದ ಗಡಿನಾಡಿನ ಉಪಭಾಷಾ ಸಮೀಕ್ಷೆಗೆ ಹೊರಡುವ ಮಿತ್ರರಲ್ಲಿ ನನ್ನ ವಿನಂತಿ: ಮನೆಯ ಯಜಮಾನನನ್ನು ಮಾತ್ರ ಕೇಳಬೇಡಿ. ಸೊಸೆಯಾಗಿ ಬಂದವಳನ್ನು ಕೇಳಿ, ಮಗು ಮಲಗಿಸುವ ಹೊತ್ತಿಗೆ ಹೋಗಿ ಕೇಳಿ. ಕಾಲಂ ಒಂದೇ ಇದ್ದರೆ ಅಂಚಿನಲ್ಲಿ ಬರೆದುಕೊಳ್ಳಿ. ನಮ್ಮಮ್ಮನ ತೆಲುಗು ನಾನು ಅಂದು ಬರೆಸದ ಕಾರಣ, ಇಲ್ಲಿ ಬರೆದಿದ್ದೇನೆ.