ದೋಣಿ ತಳದ ಸೀಸ, ಮನೆ ಅಂಗಳದ ಸೀಸ

ದೋಣಿಗೆ ಭಾರ ಹೆಚ್ಚಾದ್ರೆ ಮುಳುಗ್ತದೆ ಅಂತ ಎಲ್ಲರಿಗೂ ಗೊತ್ತು. ಭಾರ ಕಡಿಮೆಯಾದ್ರೂ ಕಷ್ಟವೇ ಅಂತ ಗೊತ್ತಿಪ್ಪುದು ದೋಣಿ ನಡೆಸುವವರಿಗೆ. ಹಾಯಿಗೆ ಗಾಳಿ ಬಡಿದಾಗ ದೋಣಿ ಒಂದು ಬದಿಗೆ ವಾಲ್ತದೆ. ತಳದಲ್ಲಿ ತೂಕ ಇದ್ರೆ ಮತ್ತೆ ನೆಟ್ಟಗಾಗ್ತದೆ, ಇಲ್ದಿದ್ರೆ ಮಗುಚುದೇ. ಅದಕ್ಕೇ ಹಿಂದಿನ ಹಾಯಿಹಡಗಿನವರು ಸರಕು ಇಲ್ಲದಾಗ ತಳಕ್ಕೆ ಕಲ್ಲು, ಮರಳು ತುಂಬ್ತಿದ್ರು.

ಸಣ್ಣ ದೋಣಿಯಲ್ಲಿ ಅಷ್ಟು ಕಲ್ಲಿಗೆ ಜಾಗ ಎಲ್ಲಿ? ಲೆಕ್ಕ ಹಾಕಿ ಕಾಣಿ. ಒಂದು ಲೀಟರ್ ನೀರು 1 ಕಿಲೋ. ಅಷ್ಟೇ ಗಾತ್ರದ ಗಟ್ಟಿ ಕಲ್ಲು 3 ಕಿಲೋಕ್ಕೆ ಸ್ವಲ್ಪ ಕಡಿಮೆ, ಕಬ್ಬಿಣ 8 ಕಿಲೋ ಹತ್ತಿರ, ಸೀಸ ಮಾತ್ರ 11 ಕಿಲೋಕ್ಕೂ ಮೇಲೆ! ಹಾಂಗಾಗಿ 19ನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕದ ವಿಹಾರದ ಹಾಯಿದೋಣಿಗಳಿಗೆ ಸೀಸ ಬಂತು. ಮೊದಲು ದೋಣಿಯ ಒಳಗೆ ಸೀಸದ ಗಟ್ಟಿಗಳನ್ನು ಜೋಡಿಸಿಡ್ತಿದ್ರು. ಆಮೇಲೆ ಹೊರಗೆ, ಬೆನ್ನುಮೂಳೆಯಂಥ ಅಡಿಮರಕ್ಕೇ ಬೋಲ್ಟ್ ಹಾಕಿ ಬಿಗಿದ್ರು.

ಹೊಸ ಸೀಸಕ್ಕೆ ದುಡ್ಡು ಜಾಸ್ತಿ. ಆದ್ರೆ ಸೀಸ ಚಿನ್ನದ ಹಾಂಗೆ, ಎಷ್ಟು ಸಲ ಕರಗಿಸಿದ್ರೂ ಮತ್ತೊಂದು ರೂಪಕ್ಕೆ ಬತ್ತದೆ. ಹಾಂಗಾಗಿ ಆ ದೇಶಗಳಲ್ಲಿ ಸ್ವಂತ ಕೈಯಿಂದ ದೋಣಿ ಕಟ್ಟುವವರು ಹಳೆ ನೀರಿನ ಪೈಪು, ಮಾಡಿಗೆ ಹೊದೆಸಿದ ಸೀಸದ ತಗಡು, ಕಾರಿನ ಚಕ್ರಕ್ಕೆ ಹಾಕುವ ತೂಕದ ಬಿಲ್ಲೆ ಎಲ್ಲ ಒಟ್ಟು ಮಾಡ್ತಿದ್ರು. ಹಿತ್ತಿಲಲ್ಲಿ ಇಟ್ಟಿಗೆ ಮೇಲೆ ಎರಕದ ಕಬ್ಬಿಣದ ಹಳೆ ಸ್ನಾನದ ತೊಟ್ಟಿ ಇಟ್ಟು, ಅಡಿಗೆ ಬೆಂಕಿ ಹಾಕಿ, ಕರಗಿದ ಸೀಸವನ್ನು ಅಚ್ಚಿಗೆ ಹೊಯ್ತಿದ್ರು. ಅಚ್ಚಲ್ಲಿ ಚೂರು ಪಸೆ ಇದ್ರೂ, ಕಾದ ಎಣ್ಣೆಗೆ ನೀರು ಬಿದ್ದ ಹಾಂಗೆ ಸಿಡೀತದೆ. ಸುಡುವುದು ಮಾತ್ರ ಎಣ್ಣೆಗಿಂತ ಎಷ್ಟೋ ಪಾಲು ಹೆಚ್ಚು.

ಸೀಸ ಕರಗುದು 327 ಡಿಗ್ರಿಗೆ. ಮನೆಯ ಕಟ್ಟಿಗೆ ಒಲೆ ಸಾಕು. ಅದಕ್ಕೇ ಈ ಕೆಲಸ ಮನೆಯವರೆಗೂ, ಹೆಂಗಸರ ಕೈವರೆಗೂ ಬಂತು. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಜನ ಇಂಗ್ಲೆಂಡಿನ ರಾಜ 3ನೇ ಜಾರ್ಜನ ಸೀಸದ ಮೂರ್ತಿ ಕೆಡವಿದ್ರು. ಅದರ ತುಂಡುಗಳು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ ಹೋದವು. ಅಲ್ಲಿನ ಹೆಂಗಸರು, ಹುಡುಗಿಯರು ಸೇರಿ ಅದನ್ನು ಕರಗಿಸಿ 42,088 ಗುಂಡು ಎರೆದ್ರು. ಎಣಿಕೆ ಬರೆದಿಟ್ಟಿದ್ದಾರೆ. ಅವರು ಉಸಿರಲ್ಲಿ ತೆಗೆದುಕೊಂಡ ಹೊಗೆಯ ಲೆಕ್ಕ ಬರೆದವರು ಯಾರು?

ದೋಣಿಗೆ ಹ್ಯಾಂಗೋ ಬಲೆಗೂ ಹಾಂಗೇ, ಭಾರ ಬೇಕು. ನಮ್ಮ ಕಡೆ ಬೀಸುಬಲೆ ಅಂಚಿಗೆ ಸೀಸದ ಗುಂಡು ಕಟ್ಟುದು ಕಂಡಿದ್ರಲ್ಲ? ಆಫ್ರಿಕಾದ ಸೆನೆಗಲ್ ದೇಶದ ಡಾಕಾರ್ ಹತ್ತಿರ ಥಿಯಾರೋಯ್ ಸುರ್ ಮೇರ್ ಅಂತ ಕಡಲ ಬದಿಯ ಊರು. ಅಲ್ಲಿ ಹಳೆ ಕಾರ್ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ ಬಲೆಗೆ ಗುಂಡು ಮಾಡುದು ಬಹಳ ವರ್ಷದಿಂದ ನಡೆದಿತ್ತು. ಚೂರು, ಹುಡಿ ಎಲ್ಲ ಅಲ್ಲಿನ ಮರಳಲ್ಲೇ ಸೇರಿತ್ತು. 2007ರಲ್ಲಿ ಲೋಕದಲ್ಲೆಲ್ಲ ಸೀಸದ ಬೆಲೆ ಏರಿತು. ಆ ಮರಳನ್ನೇ ಅಗೆದು, ಜಾಲಿಸಿ ಮಾರುವುದಕ್ಕೆ ಜನ ಹೊರಟ್ರು. ಧೂಳು ಮನೆಯೊಳಗೂ ಬಂತು. ನವೆಂಬರಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ತೀರಿಹೋದ್ರು. ಎಂತ ಕಾಯಿಲೆ ಅಂತ ಮೊದಲಿಗೆ ತಿಳಿಯಲೇ ಇಲ್ಲ. ಆಮೇಲೆ ತಾಯಂದಿರು, ಉಳಿದ ಮಕ್ಕಳು, ನೆರೆಮನೆಯವರು ಸೇರಿ 81 ಜನರನ್ನು ಪರೀಕ್ಷೆ ಮಾಡಿದ್ರು. ಅಷ್ಟೂ ಜನರಿಗೆ ಸೀಸದ ವಿಷ ತಾಗಿತ್ತು.

ದೋಣಿಯ ಅಡಿಯಲ್ಲಿ ಗಟ್ಟಿಯಾಗಿ ಕೂತ ಸೀಸ ಜೀವ ಉಳಿಸ್ತದೆ. ಅದೇ ಸೀಸ ಹೊಗೆಯಾಗಿ, ಹುಡಿಯಾಗಿ ಮನೆಗೆ ಬಂದ್ರೆ ಮೊದಲು ಹೋಪುದು ನೆಲದಲ್ಲಿ ಅಂಬೆಗಾಲಿಡುವ, ಕೈ ಬಾಯಿಗೆ ಹಾಕುವ ಮಕ್ಕಳ ಹೊಟ್ಟೆಗೆ. ಕುದಿಸಿದ್ರೂ, ಸುಟ್ಟರೂ ಅದು ನಾಶ ಆಪುದಲ್ಲ.

ಹಾಂಗಾಗಿ ಇನ್ವರ್ಟರಿನ ಹಳೆ ಬ್ಯಾಟರಿ ಹಿತ್ತಿಲಲ್ಲಿ ಒಡೆಯುವುದಕ್ಕೆ ಬಿಡಬೇಡಿ. ಹೊಸತು ತರುವಾಗ ಅಂಗಡಿಗೇ ಕೊಡಿ, ನಮ್ಮ ದೇಶದಲ್ಲಿ 2001ರಿಂದಲೇ ಅದಕ್ಕೆ ನಿಯಮ ಇದೆ. ಬಲೆಯ ಸೀಸ ಮುಟ್ಟಿದ ಕೈ ಸೋಪಿನಲ್ಲಿ ತೊಳೀದೆ ಊಟಕ್ಕೆ ಕೂರ್ಬೇಡಿ. ಗುಂಡು ಕರಗಿಸುವುದಕ್ಕೆ ಯಾರಾದ್ರೂ ನಿಮ್ಮ ಒಲೆ, ಬಾಣಲೆ ಕೇಳಿದ್ರೆ, ಗಂಡನೇ ಆಗಲಿ ಮಗನೇ ಆಗಲಿ, "ಆತಿಲ್ಲ" ಅಂತ ಹೇಳಿ.