ಸಣ್ಣ ವಿಮಾನದ ಮೂರನೆಯ ಗಾಲಿ

ವಿಮಾನಯಾನದ ಅಪಾಯವೆಲ್ಲವೂ ಆಕಾಶದಲ್ಲಿಯೇ ಇರುವುದೆಂದು ಜನರು ಸಾಮಾನ್ಯವಾಗಿ ಭಾವಿಸುವರು. ಆದರೆ ಸ್ವಂತ ಸಂಚಾರಕ್ಕಾಗಿ ಇಟ್ಟುಕೊಳ್ಳುವ ಸಣ್ಣ ವಿಮಾನಗಳ ಚರಿತ್ರೆಯನ್ನು ನೋಡಿದರೆ, ಅವು ಹೆಚ್ಚಾಗಿ ಮುರಿದುದು ನೆಲಕ್ಕಿಳಿಯುವ ಗಳಿಗೆಯಲ್ಲಿಯೇ ಎಂಬುದು ಸ್ಪಷ್ಟವಾಗುತ್ತದೆ. ಬಹುಕಾಲ ಈ ಅವಘಡಗಳ ಹೊಣೆಯು ಚಾಲಕನ ಮೇಲೆಯೇ ಬೀಳುತ್ತಿದ್ದಿತು. ಯಂತ್ರದ ರಚನೆಯಲ್ಲಿಯೂ ದೋಷವುಂಟೆಂಬ ವಿಚಾರವು ಬಲಗೊಂಡುದು ಅಮೆರಿಕಾದಲ್ಲಿ, 1930ರ ದಶಕದಲ್ಲಿ.

1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನಕ್ಕೆ ಗಾಲಿಗಳೇ ಇರಲಿಲ್ಲ. ಅದು ಮರದ ಜಾರುಪಟ್ಟಿಗಳ ಮೇಲೆ ಇಳಿಯಿತು. ಗ್ಲೆನ್ ಕರ್ಟಿಸ್‌ನ ಮೊದಮೊದಲ ವಿಮಾನಗಳಿಗೆ ಮೂರು ಗಾಲಿಗಳಿದ್ದು, ಒಂದು ಮುಂದುಗಡೆ ಇದ್ದಿತು. ಆದರೆ 1914ರಲ್ಲಿ ಮೊದಲಾದ ಮಹಾಯುದ್ಧದ ಹೊತ್ತಿಗೆ, ಮುಂದೆ ಎರಡು ಗಾಲಿ, ಬಾಲದಡಿಯಲ್ಲಿ ಒಂದು ಊರುಗೋಲು ಎಂಬ ಏರ್ಪಾಟು ರೂಢಿಯಾಯಿತು. ಅದು ಹಗುರ, ಪ್ರೊಪೆಲ್ಲರು ಹುಲ್ಲುನೆಲಕ್ಕೆ ತಗುಲದಂತೆ ಮೂತಿಯನ್ನು ಎತ್ತರದಲ್ಲಿಡುವುದು. ಅಂದಿನ ವಿಮಾನ ನಿಲ್ದಾಣಗಳು ಬಹುಮಟ್ಟಿಗೆ ವಿಶಾಲವಾದ ಬಯಲುಗಳು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿ ಇಳಿಯಬಹುದಾಗಿತ್ತು. ಮುಂದೆ ಗಟ್ಟಿ ಹಾದಿಗಳು ಬಂದಾಗ ಚಾಲಕನು ಅವುಗಳ ಜಾಡನ್ನೇ ಹಿಡಿಯಬೇಕಾಯಿತು, ಗಾಳಿ ಪಕ್ಕದಿಂದ ಹೊಡೆಯತೊಡಗಿತು. ಆಗ ಹಳೆಯ ಏರ್ಪಾಟಿನ ಕೇಡು ಬಯಲಾಯಿತು.

ಈ ಕೇಡಿನ ಮೂಲವು ಸರಳವಾದುದು. ಎತ್ತಿನ ಗಾಡಿಯನ್ನು ನೊಗ ಹಿಡಿದು ಮುಂದಕ್ಕೆಳೆದರೆ ನೇರವಾಗಿ ಬರುವುದು; ಹಿಂದಕ್ಕೆ ನೂಕಿದರೆ ಓರೆಯಾಗಿ ತಿರುಗುವುದು. ಬಾಲದಲ್ಲಿ ಗಾಲಿಯುಳ್ಳ ವಿಮಾನದ ಭಾರಕೇಂದ್ರವು ಮುಖ್ಯ ಗಾಲಿಗಳ ಹಿಂದೆ ಇರುವುದರಿಂದ, ಅದರ ಭಾರವು ಗಾಲಿಗಳನ್ನು ಹಿಂದಿನಿಂದ ನೂಕಿದಂತಾಗುತ್ತದೆ. ಒಮ್ಮೆ ತುಸು ಓರೆಯಾದರೆ ಆ ಓರೆಯು ತಾನಾಗಿಯೇ ಬೆಳೆದು, ಚಾಲಕನ ಕಾಲು ಚುಕ್ಕಾಣಿಯನ್ನು ತಕ್ಷಣ ತಿದ್ದದಿದ್ದಲ್ಲಿ ವಿಮಾನವು ಗಿರ್ರನೆ ತಿರುಗಿ ರೆಕ್ಕೆಯನ್ನು ನೆಲಕ್ಕೆ ಬಡಿಯುವುದು. ಭಾರಕೇಂದ್ರವು ಮುಖ್ಯ ಗಾಲಿಗಳ ಮುಂದಿದ್ದು, ಮೂರನೆಯ ಗಾಲಿ ಮೂತಿಯ ಕೆಳಗಿದ್ದರೆ, ಓರೆಯು ತಾನಾಗಿಯೇ ಸರಿಹೋಗುವುದು.

ವರ್ಜೀನಿಯಾದ ಲ್ಯಾಂಗ್ಲೆ ಪ್ರಯೋಗಶಾಲೆಯಲ್ಲಿದ್ದ ಫ್ರೆಡ್ ವೀಕ್ ಎಂಬ ಎಂಜಿನಿಯರನು ಈ ತತ್ತ್ವವನ್ನು ಹಿಡಿದು, ಸಹೋದ್ಯೋಗಿಗಳೊಡನೆ ಬಿಡುವಿನ ವೇಳೆಯಲ್ಲಿ 1934ರ ಸುಮಾರಿಗೆ ಒಂದು ಸಣ್ಣ ವಿಮಾನವನ್ನು ಕಟ್ಟಿದನು. ಅದರ ಅನುಭವದಿಂದ ಹುಟ್ಟಿದ ಎರ್ಕೂಪ್ ವಿಮಾನವು 1937ರಲ್ಲಿ ಹಾರಿತು. ಅದರಲ್ಲಿ ಕಾಲಿನ ಚುಕ್ಕಾಣಿಯಿಲ್ಲ. ಮೋಟಾರು ಗಾಡಿಯಲ್ಲಿರುವಂತೆ ಕೈಚಕ್ರವೊಂದೇ. ಪಕ್ಕದ ಗಾಳಿಯಲ್ಲಿ ಓರೆಯಾಗಿಯೇ ನೆಲ ಮುಟ್ಟಿದರೂ ಅದು ನೇರವಾಗುತ್ತಿತ್ತು. ಮೂತಿಯನ್ನು ಅತಿಯಾಗಿ ಎತ್ತಲು ಆಗದಂತೆ ಮಿತಿಯನ್ನೂ ಇಟ್ಟಿದ್ದರು. ಇಳಿಯುವ ಮುನ್ನ ತಗ್ಗಿನಲ್ಲಿ ತಿರುಗುವಾಗ ವೇಗ ಕುಂದಿ ವಿಮಾನವು ಗಿರಕಿ ಹೊಡೆದು ಬೀಳುವುದೇ ಪ್ರಾಣಹಾನಿಗೆ ದೊಡ್ಡ ಕಾರಣವಾಗಿದ್ದುದರಿಂದ, ಈ ಮಿತಿಯು ಗಾಲಿಯಷ್ಟೇ ಮುಖ್ಯವಾಗಿತ್ತು.

ಐದು ಸಾವಿರಕ್ಕೂ ಮಿಕ್ಕಿ ಎರ್ಕೂಪುಗಳು ತಯಾರಾದರೂ ಯುದ್ಧಾನಂತರದ ಮಾರಾಟವು ಬೇಗನೆ ಕುಸಿಯಿತು. ಆದರೆ ಅದರ ಗಾಲಿಯ ಪಾಠ ಉಳಿಯಿತು. ಸೆಸ್ನಾ ಸಂಸ್ಥೆಯು ಬಾಲಗಾಲಿಯ 170ನ್ನು ಬದಲಿಸಿ, 1955ರಲ್ಲಿ ಮೂತಿಗಾಲಿಯ 172ನ್ನು ಹಾರಿಸಿತು. ಆ ಮಾದರಿಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಸಿದ್ಧವಾಗಿವೆ.

ಇಷ್ಟಾದರೂ ಇಳಿಯುವಾಗಿನ ಅವಘಡಗಳು ನಿಂತಿಲ್ಲ. ವೇಗವನ್ನು ತಗ್ಗಿಸದೆ ಇಳಿಸಿದರೆ ವಿಮಾನವು ನೆಲದಿಂದ ಪುಟಿಯುವುದು. ಪುಟಿದುದನ್ನು ಬಲವಂತವಾಗಿ ಒತ್ತಿದರೆ ಅದೇ ಮೂತಿಗಾಲಿ ಮುರಿಯುವುದು. ವೇಗವು ಅತಿಯಾಗಿ ಕುಂದಿದರೆ ಎರ್ಕೂಪೂ ರಭಸದಿಂದ ಕುಸಿಯುತ್ತಿತ್ತು. ಕಾಲಿನ ಚಳಕವು ಮಾಡಬೇಕಾಗಿದ್ದ ಕೆಲಸದಲ್ಲಿ ದೊಡ್ಡ ಪಾಲನ್ನು ಗಾಲಿಯು ವಹಿಸಿಕೊಂಡಿತು. ವೇಗದ ವಿವೇಕವು ಮಾತ್ರ ಚಾಲಕನಲ್ಲಿಯೇ ಉಳಿಯಿತು. ಇಳಿಯುವುದು ಸರಿಯೆನಿಸದಿದ್ದಾಗ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವ ತಾಳ್ಮೆಯನ್ನು ಯಾವ ಯಂತ್ರವೂ ಅವನಿಗೆ ಕೊಡಲಾರದು.